ಅಪ್ಪನ ಎಡೆ, ಹೆಂಡತಿಯ ಚಾಪೆ

ಪತ್ರ: ಮೇಡಂ, ನನಗೆ 38 ವರ್ಷ. ಚಿತ್ರದುರ್ಗ ಜಿಲ್ಲೆಯವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಾಲೇಜಿನ ದಿನಗಳಿಂದಲೂ ದೇವರನ್ನು ನಂಬುವುದಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡರು. ನಾನು ತಲೆ ಬೋಳಿಸಲಿಲ್ಲ, ಕಾರ್ಯಕ್ಕೆ ಕೂರಲಿಲ್ಲ. ದೊಡ್ಡಪ್ಪನ ಮಗ ಎಲ್ಲ ಮಾಡಿದ. ಅವತ್ತಿನಿಂದ ಅವ್ವ ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿಲ್ಲ. ಈಗ ವರ್ಷದ ತಿಥಿ ಬಂದಿದೆ. “ತಲೆ ಬೋಳಿಸೋದು ಬ್ಯಾಡ, ಎಡೆ ಮಾತ್ರ ನಿನ್ನ ಕೈಯಿಂದಲೇ ಇಡು. ಇಲ್ಲಾಂದ್ರೆ ನಾನು ಸತ್ತಾಗಲೂ ಬರಬ್ಯಾಡ” ಅಂದಿದ್ದಾಳೆ. ಧರ್ಮದಿಂದಲೇ ಈ ಸಮಾಜ ಹಾಳಾಗಿರುವುದು ಅಂತ ಹೇಳಿಕೊಂಡು ಬಂದವನು ನಾನು. ಎಡೆ ಇಟ್ಟ ಮೇಲೆ ಯಾವ ಮುಖ ಇಟ್ಟುಕೊಂಡು ಮಕ್ಕಳಿಗೆ ಪಾಠ ಮಾಡಲಿ? ಊರ ಗುಡಿಯ ಜೀರ್ಣೋದ್ಧಾರಕ್ಕೆ ವಂತಿಗೆ ಕೇಳಿದಾಗಲೂ ನಂಬಿಕೆ ಇಲ್ಲ ಅಂತ ಕೊಡಲಿಲ್ಲ (ಕೇರಿಯವರೂ ಕೊಟ್ಟಿದ್ದಾರೆ, ಆದರೆ ಅವರನ್ನು ಇವತ್ತಿಗೂ ಒಳಗೆ ಬಿಡುವುದಿಲ್ಲ). ಊರಿಗೆ ಹೋದಾಗ ಮುಟ್ಟಾದರೆ ನನ್ನ ಹೆಂಡತಿ ಜಗಲಿಯಲ್ಲಿ ಬೇರೆ ಚಾಪೆ ಹಾಸಿಕೊಂಡು ಮಲಗುತ್ತಾಳೆ, ಅವ್ವನಿಗೆ ಬೇಜಾರಾಗದಿರಲಿ ಅಂತ ನಾನೂ ಸುಮ್ಮನಿದ್ದೇನೆ. “ಮಠದ ಅನ್ನ ತಿಂದು ಓದಿದವನು” ಅಂತ ನೆಂಟರು ಹಂಗಿಸುತ್ತಾರೆ. ಅದೂ ನಿಜವೇ, ಹೈಸ್ಕೂಲು ಓದಿದ್ದು ಮಠದ ಹಾಸ್ಟೆಲಿನಲ್ಲಿ. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಮೇಲೆ ಚಿಕ್ಕದು ಮಾಡಿ ಹಾಕಿದ್ದೇನೆ. ಮೂಲದಲ್ಲಿ ಮೂರು ಪುಟ ಇತ್ತು. ಎರಡೂವರೆ ಪುಟ ಎಡೆ ಮತ್ತು ತಲೆಕೂದಲಿನ ವಿಚಾರಕ್ಕೇ ಹೋಗಿದೆ. ಕೇರಿಯವರು ಬ್ರಾಕೆಟ್ಟಿನೊಳಗೆ ನಿಂತಿದ್ದಾರೆ. ಹೆಂಡತಿಗೆ ಸಿಕ್ಕಿದ್ದು ಒಂದು ಸಾಲು. ನನಗೆ ಕಣ್ಣಿಗೆ ಹೊಡೆದಿದ್ದು ಇದೇ.

ನಾನೂ ದೇವರನ್ನು ನಂಬದವಳು. ನಿಮ್ಮನ್ನು ಗುಡಿ ಸುತ್ತಿಸುವ ಆಸೆ ನನಗಿಲ್ಲ. ಧರ್ಮದಿಂದ ಸಮಾಜ ಹಾಳಾಗಿದೆ ಅನ್ನುವ ಮಾತಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜ ಇದೆ ಅಂತ ನನಗೂ ಅನಿಸುತ್ತದೆ. ಆದರೆ ಹಾಳಾಗಿರುವುದು ಎಲ್ಲಿ, ಪೆಟ್ಟು ತಿಂದವರು ಯಾರು ಅಂತ ನೋಡದೆ ಆ ಮಾತು ಹೇಳಿದರೆ ಅದೊಂದು ಘೋಷಣೆ ಅಷ್ಟೇ. ನಿಮ್ಮ ಮೂರು ಪುಟದಲ್ಲಿ ಪೆಟ್ಟು ತಿಂದವರು ಬ್ರಾಕೆಟ್ಟಿನಲ್ಲೂ ಆ ಒಂದು ಸಾಲಿನಲ್ಲೂ ಇದ್ದಾರೆ. ಎಡೆಯಲ್ಲಿ ಯಾರಿಗೆ ಪೆಟ್ಟು ಬಿತ್ತು, ಹೇಳಿ?

ಮೊದಲು ಎಡೆಯ ವಿಚಾರ ಮುಗಿಸೋಣ. ಅದು ಸುಲಭ.

ನಮ್ಮ ಕಡೆಯ ಎಡೆ ನಿಮಗೆ ಗೊತ್ತೇ ಇದೆ. ಬಾಳೆ ಎಲೆ, ಸತ್ತವರಿಗೆ ಇಷ್ಟವಾದ ಅಡುಗೆ, ಪಕ್ಕದಲ್ಲಿ ಹೊಸ ಪಂಚೆ, ಶಲ್ಯ. ಬೀಡಿ ಸೇದುತ್ತಿದ್ದವರಾದರೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಕುಡಿಯುತ್ತಿದ್ದವರಾದರೆ ಅದೂ ಒಂದು ಕ್ವಾರ್ಟರ್. ಬದುಕಿದ್ದಾಗ ಅದೇ ಬೀಡಿಗೆ ದಿನಾ ಬೈಯುತ್ತಿದ್ದ ಹೆಂಗಸು ಈಗ ಅಂಗಡಿಗೆ ಹೋಗಿ ಬ್ರಾಂಡ್ ಹೆಸರು ಹೇಳಿ ತರುತ್ತಾಳೆ. ನಿಮ್ಮ ಅವ್ವ ಕೇಳುತ್ತಿರುವುದು ಇದನ್ನು. ಅಪ್ಪನಿಗೆ ಏನು ಇಷ್ಟ ಅನ್ನುವುದು ಮಗನಿಗೆ ಇನ್ನೂ ನೆನಪಿದೆಯಾ ಅಂತ ಅವರಿಗೆ ನೋಡಬೇಕಾಗಿದೆ. ಇದರಲ್ಲಿ ಸ್ವರ್ಗ, ನರಕದ ಲೆಕ್ಕಾಚಾರ ಎಷ್ಟಿದೆಯೋ ನನಗೆ ಅನುಮಾನ.

ಇನ್ನೊಂದು ನೋಡಿ. ಹೋದ ವರ್ಷ ಗಂಡನನ್ನು ಕಳೆದುಕೊಂಡ ದಿನವೇ ಹತ್ತು ಜನರ ಮುಂದೆ ಅವರ ತಲೆ ತಗ್ಗಿತು. “ಮಗ ಇದ್ದೂ ಇಲ್ಲದ ಹಾಗಾಯ್ತು” ಅಂತ ಯಾರಾದರೂ ಅಂದೇ ಇರುತ್ತಾರೆ. ಈ ಸಲ ತಲೆ ಬೋಳಿಸುವುದು ಬೇಡ ಅಂತ ಅವರೇ ಒಂದು ಹೆಜ್ಜೆ ಹಿಂದೆ ಬಂದಿದ್ದಾರೆ. ಓದು ಬರಹ ಇಲ್ಲದ, ಗುಡಿ, ಜಾತ್ರೆ ಬಿಟ್ಟು ಬೇರೆ ಲೋಕ ಕಾಣದ ಹೆಂಗಸು (ಇದು ನೀವೇ ಬರೆದ ವರ್ಣನೆ) ನಿಮ್ಮ ನಾಸ್ತಿಕತನಕ್ಕೆ ಜಾಗ ಬಿಟ್ಟುಕೊಟ್ಟಿದ್ದಾರೆ. ಅದು ನಿಮ್ಮ ಗಮನಕ್ಕೆ ಬಂದ ಹಾಗಿಲ್ಲ.

ನಾಸ್ತಿಕರಿಗೂ ಒಂದು ಮಡಿ ಇರುತ್ತದೆ, ಮೇಷ್ಟ್ರೇ. ತೆಂಗಿನಕಾಯಿ ಮುಟ್ಟಿದರೆ ಮೈಲಿಗೆ, ಪ್ರಸಾದ ತಿಂದರೆ ಮೈಲಿಗೆ, ಎಡೆ ಇಟ್ಟರೆ ಹಾಳಾಗಿ ಹೋದೆ ಅನ್ನುವ ಭಯ. ಮಡಿ ಸೀರೆ ಉಟ್ಟು ಓಡಾಡುವ ಮುದುಕಮ್ಮನನ್ನು ನೋಡಿ ನಗುವ ನಾವೇ ಇಂಥದ್ದೊಂದು ಮಡಿ ಉಟ್ಟುಕೊಂಡಿರುತ್ತೇವೆ. ನಂಬಿಕೆ ಇಲ್ಲದವನು ಎಲೆ ಮೇಲೆ ಮುದ್ದೆ ಇಟ್ಟರೆ ಅದು ಎಲೆ ಮೇಲಿರುವ ಮುದ್ದೆ ಅಷ್ಟೇ ಅಲ್ವಾ? ಎಡೆ ಇಡಿ. ಮಂತ್ರ ಹೇಳು ಅಂದರೆ “ನನಗೆ ಬರಲ್ಲ ಅವ್ವ, ನೀನೇ ಕೈ ಮುಗಿ, ನಾನು ಪಕ್ಕದಲ್ಲಿ ನಿಂತಿರ್ತೀನಿ” ಅನ್ನಿ. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಅವ್ವನ ಮಾತು ಮೀರಿದ ಹಾಗೂ ಆಗುವುದಿಲ್ಲ. ಮಕ್ಕಳು ಕೇಳಿದರೆ “ನಮ್ಮಪ್ಪ ಬಂದು ಊಟ ಮಾಡ್ತಾರೆ ಅಂತ ನಾನು ನಂಬಲ್ಲ, ನಮ್ಮವ್ವನಿಗೋಸ್ಕರ ಇಟ್ಟೆ” ಅಂತ ಇದ್ದಿದ್ದನ್ನು ಇದ್ದ ಹಾಗೆ ಹೇಳಿ. ಹೈಸ್ಕೂಲು ಮಕ್ಕಳಿಗೆ ಅಷ್ಟು ಅರ್ಥವಾಗುತ್ತದೆ.

ಈಗ ಆ ಚಾಪೆಯ ಮಾತಿಗೆ ಬರೋಣ.

ಅವ್ವನಿಗೆ ಬೇಜಾರಾಗದಿರಲಿ ಅಂತ ಸುಮ್ಮನಿದ್ದೇನೆ ಅಂದಿರಿ. ತಲೆ ಬೋಳಿಸುವ ವಿಚಾರದಲ್ಲಿ ಅವ್ವನ ಬೇಜಾರು ನಿಮಗೆ ಅಡ್ಡ ಬರಲಿಲ್ಲ. ಅಲ್ಲಿ ತತ್ವ ದೊಡ್ಡದಾಯಿತು. ಹೆಂಡತಿ ಜಗಲಿಯ ಮೇಲೆ ಮಲಗುವಾಗ ಅವ್ವನ ಮನಸ್ಸು ದೊಡ್ಡದಾಯಿತು. ನಿಮ್ಮ ತಲೆಗೂದಲಿಗೆ ಸಿಕ್ಕಿದ ತತ್ವ ಹೆಂಡತಿಯ ಬೆನ್ನಿಗೆ ಯಾಕೆ ಸಿಗಲಿಲ್ಲ? ಬಿರುಸಾಗಿ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾಸ್ತಿಕರು ಅನ್ನಿಸಿಕೊಂಡ ಎಷ್ಟೋ ಗಂಡಸರ ಮನೆಯಲ್ಲಿ ಇದನ್ನೇ ನೋಡಿದ್ದೇನೆ. ಗೋಡೆ ಮೇಲೆ ಪೆರಿಯಾರ್ ಫೋಟೋ ಇರುತ್ತದೆ, ಅಡುಗೆಮನೆ ಬಾಗಿಲಲ್ಲಿ “ನೀನು ಈಗ ಒಳಗೆ ಬರಬೇಡ” ಅನ್ನುವ ಮಾತೂ ಇರುತ್ತದೆ.

ಜಗಲಿ ಚಾಪೆ ಸಣ್ಣ ವಿಷಯ ಅನಿಸಬಹುದು. ಅದೇ ಯೋಚನೆ ಇನ್ನೊಂದು ನಾಲ್ಕು ಹೆಜ್ಜೆ ಮುಂದೆ ಹೋದರೆ ಏನಾಗುತ್ತದೆ ಅನ್ನುವುದನ್ನು ನಿಮ್ಮ ಪಕ್ಕದ ಜಿಲ್ಲೆಯಲ್ಲೇ ನೋಡಿದ್ದೇವೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕ ಅಂತ ಬಾಣಂತಿಯನ್ನೂ ಹಸುಗೂಸನ್ನೂ ಊರಾಚೆ ಗುಡಿಸಲಿನಲ್ಲಿಟ್ಟರು. ಮಳೆಗಾಲ, ಚಳಿ, ಗಾಳಿ. ಮಗು ಉಳಿಯಲಿಲ್ಲ. ಆ ಮನೆಯವರು ಕೆಟ್ಟವರಾಗಿರಲಿಕ್ಕಿಲ್ಲ. ದೇವರಿಗೆ ಮೈಲಿಗೆಯಾದರೆ ಹಟ್ಟಿಗೆಲ್ಲ ಕೇಡು ಅಂತ ನಿಜವಾಗಿಯೂ ಹೆದರಿದವರು. ಧರ್ಮದ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಒಳ್ಳೆಯ ಜನರ ಕೈಯಿಂದಲೇ ಇಂಥ ಕೆಲಸ ಮಾಡಿಸಿಬಿಡುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೊಂದು ಕಾನೂನಿದೆ. ಜನ ಅದನ್ನು ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುತ್ತಾರೆ. 2017ರದ್ದು, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ. ಮುಟ್ಟಾದವರನ್ನು ಬಲವಂತವಾಗಿ ಊರಾಚೆ ಇಡುವುದು, ಬೆತ್ತಲೆ ಸೇವೆ, ಊಟ ಮಾಡಿ ಬಿಟ್ಟ ಎಲೆಗಳ ಮೇಲೆ ಉರುಳಿಸುವ ಮಡೆಸ್ನಾನ ಇವೆಲ್ಲ ಅದರ ಪ್ರಕಾರ ಅಪರಾಧ. ಭಜನೆ, ಪ್ರದಕ್ಷಿಣೆ, ಮನೆಯ ಪೂಜೆ, ಮಕ್ಕಳಿಗೆ ಕಿವಿ ಚುಚ್ಚಿಸುವುದು ಇವನ್ನೆಲ್ಲ ಅದು ಮುಟ್ಟಲಿಲ್ಲ. ವಾಸ್ತು, ಜ್ಯೋತಿಷ್ಯವನ್ನೂ ಹೊರಗಿಟ್ಟರು. ಅದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಇರಲಿ. ಗೆರೆ ಎಳೆದ ರೀತಿ ಮಾತ್ರ ಮೆಚ್ಚುವಂಥದ್ದು. ಇನ್ನೊಬ್ಬರ ಮೈಗೆ, ಮಾನಕ್ಕೆ ಕೈ ಹಾಕಿದರೆ ಅಲ್ಲಿಗೆ ನಿಲ್ಲಬೇಕು. ನಿಮ್ಮಪ್ಪನ ಎಡೆಗೆ ಕಾನೂನಿನದ್ದೂ ತಕರಾರಿಲ್ಲ. ಅವ್ವನ ಮೇಲೆ ಕೇಸು ಹಾಕಿ ಅಂತ ಹೇಳುತ್ತಿಲ್ಲ ಮತ್ತೆ! ಸಿಟ್ಟನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಹೇಳಿದೆ.

ಗುಡಿಯ ವಂತಿಗೆ ಕೊಡದಿದ್ದಿದ್ದು ಸರಿ. ಹೇಳಿದ ಕಾರಣ ಸರಿಯಿಲ್ಲ. “ನನಗೆ ನಂಬಿಕೆ ಇಲ್ಲ” ಅಂದರೆ ಗುಡಿ ಕಮಿಟಿಯವರಿಗೆ ಒಂಥರಾ ಆರಾಮ. ಮೇಷ್ಟ್ರು ತಿಕ್ಕಲು ಅಂತ ನಕ್ಕು ಮುಂದಿನ ಮನೆಗೆ ಹೋಗುತ್ತಾರೆ. “ಕೇರಿಯವರ ದುಡ್ಡು ಒಳಗೆ ಬರಬಹುದು, ಅವರು ಬರಬಾರದಾ? ಬಾಗಿಲು ತೆಗೀರಿ, ಅವತ್ತೇ ಎರಡು ಪಾಲು ಕೊಡ್ತೀನಿ” ಅಂದಿದ್ದರೆ ಅವರು ಹಾಗೆ ನಗುತ್ತಿರಲಿಲ್ಲ. ನಂಬದವರು ಗುಡಿಗೆ ದುಡ್ಡು ಕೊಡುವುದಾ ಅಂತ ಕೇಳಬೇಡಿ. ಊರಿನ ಗುಡಿ ಊರಿನ ಅಧಿಕಾರ ಇರುವ ಜಾಗ. ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನವಾಗುವುದು ಅಲ್ಲೇ. ದೇವರಿದ್ದಾನೋ ಇಲ್ಲವೋ, ಬಾಗಿಲಂತೂ ಇದೆ.

2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ನಡೆದಿದ್ದು ನೆನಪಿದೆಯಾ? ದಲಿತ ಕುಟುಂಬದ ಎರಡು ವರ್ಷದ ಮಗು. ಹುಟ್ಟುಹಬ್ಬ ಅಂತ ಅಪ್ಪ ಅದನ್ನು ಗುಡಿಯ ಮುಂದೆ ಕರೆದುಕೊಂಡು ಹೋಗಿದ್ದರು. ಹೊರಗೇ ನಿಂತು ಕೈ ಮುಗಿಯುವ ವಾಡಿಕೆ. ಮಳೆ ಹನಿಯಿತು, ಮಗು ಒಳಗೆ ಓಡಿತು. ಮಕ್ಕಳು ಮತ್ತೇನು ಮಾಡುತ್ತವೆ? ಗುಡಿ ಶುದ್ಧಿ ಮಾಡಬೇಕು, 25,000 ರೂಪಾಯಿ ದಂಡ ಕಟ್ಟಿ ಅಂದರು. ಅಸ್ಪೃಶ್ಯತೆ ಆಚರಿಸಿದರೆ ಅಪರಾಧ ಅನ್ನುವ ಕಾನೂನು 1955ರಿಂದ ಇದೆ. ಅದು ಮಿಯಾಪುರಕ್ಕೆ ಬಂದಿದ್ದು ಸುದ್ದಿಯಾಗಿ, ಪೊಲೀಸರು ಐದು ಜನರನ್ನು ಹಿಡಿದ ಮೇಲೆ. ನಿಮ್ಮೂರಲ್ಲಿ ಇಂಥದ್ದು ನಡೆದ ಮೇಲೆ ಮಾತಾಡುವುದಕ್ಕಿಂತ ಈಗಲೇ, ಗಾರೆ ಕೆಲಸ ನಡೆಯುತ್ತಿರುವಾಗಲೇ ಮಾತಾಡಿ. ಒಬ್ಬರೇ ಹೋಗಬೇಡಿ. ಮೊದಲು ಕೇರಿಯವರನ್ನು ಕೇಳಿ, ಅವರಿಗೆ ಏನು ಬೇಕು ಅಂತ. ಕೂಲಿ, ನೀರು, ದಾರಿ ಎಲ್ಲದಕ್ಕೂ ಊರಿನವರನ್ನೇ ನೆಚ್ಚಿಕೊಂಡವರು “ಈಗ ಬೇಡ ಸಾ” ಅನ್ನಬಹುದು. ಹಾಗಂದರೆ ಅವರನ್ನು ಮುಂದೆ ದೂಡಬೇಡಿ. ಪೆಟ್ಟು ಬಿದ್ದರೆ ಬೀಳುವುದು ಅವರಿಗೆ, ನಿಮಗೆ ಬೇರೆ ಊರಿನಲ್ಲಿ ಸಂಬಳ ಬರುತ್ತದೆ.

ಇನ್ನು ಮಠದ ಅನ್ನ. ನೆಂಟರು ಹಂಗಿಸಿದಾಗ ನೀವು ತಡವರಿಸುತ್ತೀರಿ ಅಂತ ಕಾಣುತ್ತದೆ. ಯಾಕೆ? “ಹೌದು, ತಿಂದಿದ್ದೇನೆ, ಅದರಿಂದಲೇ ಮೇಷ್ಟ್ರಾದೆ” ಅನ್ನಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1941ರಿಂದ 2019ರಲ್ಲಿ ತೀರಿಕೊಳ್ಳುವವರೆಗೆ ಮಠ ನಡೆಸಿದರು. ಊರೂರು ಸುತ್ತಿ ಕಾಳುಕಡಿ ತಂದು ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ ಹಾಕಿದರು. ನಂಬದವಳಾದ ನಾನು ಇದನ್ನು ಚಿಕ್ಕದು ಮಾಡಿ ಹೇಳಿದರೆ ಸುಳ್ಳಾಗುತ್ತದೆ. ಸರ್ಕಾರ ಹಾಸ್ಟೆಲು ಕಟ್ಟದ ಕಡೆ ಮಠ ಕಟ್ಟಿತು. ಹಾಗಂತ ಅನ್ನದ ಋಣಕ್ಕೆ ಬಾಯಿ ಮುಚ್ಚಬೇಕಾಗಿಲ್ಲ. ಚುನಾವಣೆ ಹತ್ತಿರ ಬಂದರೆ ಎಲ್ಲ ಪಕ್ಷದ ಕಾರುಗಳೂ ಮಠಗಳ ಮುಂದೆ ಸಾಲಾಗಿ ನಿಲ್ಲುತ್ತವೆ, ಜಾತಿಗೊಂದು ಮಠ, ಮಠಕ್ಕೊಂದು ಟಿಕೆಟ್ಟಿನ ಬೇಡಿಕೆ. ಅದನ್ನೂ ಹೇಳಿ. ಎರಡೂ ನಿಜ, ಎರಡನ್ನೂ ಒಂದೇ ಬಾಯಲ್ಲಿ ಹೇಳಬಹುದು.

ನಿಮ್ಮ ನಿಜವಾದ ಕೆಲಸ ಕ್ಲಾಸಿನಲ್ಲಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಕೈಕಾಲು ಸರಿಹೋಗುತ್ತದೆ ಅಂತ ನಂಬಿ ಹೆತ್ತವರೇ ಹೂತಿದ್ದು. ಆ ತಾಯಂದಿರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಡಾಕ್ಟರು, ಫಿಸಿಯೋಥೆರಪಿ ಕೈಗೆ ಸಿಗದ ಕಡೆ ಗ್ರಹಣ, ಹರಕೆ ಸಿಗುತ್ತವೆ. ನಿಮ್ಮ ಶಾಲೆಯ ಮಕ್ಕಳು ಮುಂದಿನ ಸೂರ್ಯಗ್ರಹಣವನ್ನು ಅದಕ್ಕೆಂದೇ ಇರುವ ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ನಿಂತು ನೋಡಿದರೆ, ಆಮೇಲೆ ಅಲ್ಲೇ ಕೂತು ಅವಲಕ್ಕಿ ತಿಂದರೆ, ನೀವು ಎಡೆ ಇಟ್ಟಿದ್ದರಿಂದ ಆದ ನಷ್ಟ ಏನಿದ್ದರೂ ಅದರಲ್ಲಿ ತೀರಿಹೋಗುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಕಟ್ಟಿ ಸತ್ಯಸಾಯಿ ಬಾಬಾರಿಗೇ ಪತ್ರ ಬರೆದರು. ಬಾಬಾ ಒಪ್ಪಲಿಲ್ಲ, ಅದು ಬೇರೆ ಮಾತು. ಪ್ರಶ್ನೆ ಹೋಗಿದ್ದು ಮಂತ್ರಿ, ಜಡ್ಜುಗಳೆಲ್ಲ ಕಾಲಿಗೆ ಬೀಳುತ್ತಿದ್ದವರ ಹತ್ತಿರ, ಮನೆಯಲ್ಲಿ ದೀಪ ಹಚ್ಚುವ ಮುದುಕಿಯ ಹತ್ತಿರ ಅಲ್ಲ.

ಸರಿ, ಊರಿಗೆ ಹೋದಾಗ ಏನು ಮಾಡಬೇಕು? ತಿಥಿಗೆ ಒಂದು ದಿನ ಮೊದಲೇ ಹೋಗಿ. ಅಪ್ಪನಿಗೆ ಏನೇನು ಇಡಬೇಕು ಅಂತ ಅವ್ವನನ್ನು ಕೇಳಿ, ಚೀಟಿಯಲ್ಲಿ ಬರೆದುಕೊಂಡು ನೀವೇ ಸಂತೆಯಿಂದ ತನ್ನಿ. ಹೋದ ವರ್ಷ ಎಲ್ಲವನ್ನೂ ಮೈಮೇಲೆ ಹಾಕಿಕೊಂಡ ದೊಡ್ಡಪ್ಪನ ಮಗನಿಗೆ ಒಂದು ಮಾತು ಹೇಳಿ. ನಿಮ್ಮ ತತ್ವದ ಖರ್ಚನ್ನು ಅವನು ಕೊಟ್ಟಿದ್ದಾನೆ, ನಿಮ್ಮ ಪಾಲಿನ ತಲೆಯನ್ನೂ ಅವನೇ ಬೋಳಿಸಿಕೊಂಡ. ಎಡೆ ಆದ ಮೇಲೆ, ನೆಂಟರೆಲ್ಲ ಹೋದ ಮೇಲೆ, ಚಾಪೆಯ ಮಾತು ತೆಗೆಯಿರಿ. “ಅವ್ವ, ನಿನ್ನ ಮಾತು ನಾನು ನಡೆಸಿದೆ. ಇನ್ನು ಮೇಲೆ ಇವಳು ಒಳಗೇ ಮಲಗ್ತಾಳೆ. ದೇವರ ಮನೆ ನಿನ್ನದು, ಅಲ್ಲಿಗೆ ಬರಲ್ಲ. ಉಳಿದ ಮನೆ ಎಲ್ಲರದ್ದು” ಅನ್ನಿ. ಒಂದೇ ಸಲಕ್ಕೆ ಒಪ್ಪುತ್ತಾರೆ ಅಂತ ನಾನು ಹೇಳಲಾರೆ. ಅಳಬಹುದು, ಊಟ ಬಿಡಬಹುದು. ಆಗ “ಬೇಜಾರಾಗದಿರಲಿ” ಅಂತ ಹಿಂದೆ ಸರಿಯಬೇಡಿ. ಒಪ್ಪುವವರೆಗೆ ಜಗಲಿಯ ಮೇಲೆ ಹೆಂಡತಿಯ ಪಕ್ಕ ನಿಮ್ಮ ಚಾಪೆಯನ್ನೂ ಹಾಸಿ. ಮಗ ಹೊರಗೆ ಚಳಿಯಲ್ಲಿ ಮಲಗಿದರೆ ಯಾವ ಅವ್ವನಿಗೂ ನಿದ್ದೆ ಬರುವುದಿಲ್ಲ.

ಇದಕ್ಕೆಲ್ಲ ಮೊದಲು ಹೆಂಡತಿಯನ್ನು ಕೇಳಿ. ಮೂರು ಪುಟದಲ್ಲಿ ಅವರು ಹೀಗಂದರು ಅಂತ ಒಂದು ಮಾತೂ ಇಲ್ಲ. ಅವರಿಗೆ ನಂಬಿಕೆ ಇದೆಯೋ, ಇಲ್ಲವೋ, ಆ ಚಾಪೆಯ ಬಗ್ಗೆ ಏನನಿಸುತ್ತದೆಯೋ ನನಗೆ ಗೊತ್ತಾಗಲಿಲ್ಲ. “ಅತ್ತೆ ಜೊತೆ ನಾನೇ ಮಾತಾಡ್ತೀನಿ, ನೀವು ಸುಮ್ನಿರಿ” ಅಂದರೆ ಸುಮ್ಮನಿರಿ. “ಈ ಸಲ ನಾನು ಬರಲ್ಲ” ಅಂದರೆ ಒಬ್ಬರೇ ಹೋಗಿ ಎಡೆ ಇಟ್ಟು ಬನ್ನಿ, ಸೊಸೆ ಯಾಕೆ ಬರಲಿಲ್ಲ ಅಂತ ಅವ್ವ ಕೇಳಿದಾಗ ಕಾರಣವನ್ನೂ ನೀವೇ ಹೇಳಿ.