ಹಳೇ ಟರ್ಬೊಗೆ ಹೊಸ ಕ್ಯಾಮ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು 1996ರ ನಿಸ್ಸಾನ್ 200ಎಸ್‌ಎಕ್ಸ್, ಎಸ್14 ಮಾದರಿ. ಎಂಜಿನ್ ಎಸ್‌ಆರ್20ಡಿಇಟಿ, ಟರ್ಬೊ ಗಾಡಿಯ ಜೊತೆ ಬಂದ ಟಿ28. ಬಳಸಿದ 272 ಡಿಗ್ರಿ ಕ್ಯಾಮ್‌ಶಾಫ್ಟ್ ಜೋಡಿಯೊಂದು ಅಗ್ಗಕ್ಕೆ ಸಿಗುತ್ತಿದೆ. ಹೆಡ್ ಬಿಚ್ಚದೆ ಹಾಕಿಸಬಹುದು ಅನ್ನುತ್ತಾರೆ. ತೆಗೆದುಕೊಳ್ಳಲೇ?
– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ಬೇಡ. ನಿಮ್ಮ ಟರ್ಬೊ ಬದಲಾಗುವವರೆಗೆ 256 ಡಿಗ್ರಿ ದಾಟಬೇಡಿ. ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಆರಿಸುವಾಗ ಮೊದಲು ನೋಡಬೇಕಾದ್ದು ಟರ್ಬೈನ್ (ಎಕ್ಸಾಸ್ಟ್ ಅನಿಲದಿಂದ ತಿರುಗುವ ಟರ್ಬೊದ ಚಕ್ರ) ಗಾತ್ರ. ಡಿಗ್ರಿ ಲೆಕ್ಕ, ಅಂದರೆ ಕ್ಯಾಮ್ ವಾಲ್ವನ್ನು ಎಷ್ಟು ಹೊತ್ತು ತೆರೆದಿಡುತ್ತದೆ (ಡ್ಯುರೇಶನ್) ಎಂಬುದು, ಆಮೇಲೆ.

ಟಿ28ರಂಥ ಚಿಕ್ಕ ಟರ್ಬೈನ್ ಪೂರ್ತಿ ಬೂಸ್ಟ್‌ನಲ್ಲಿದ್ದಾಗ (ಗಾಳಿಯನ್ನು ಗರಿಷ್ಠ ಒತ್ತಡದಲ್ಲಿ ತುಂಬುವಾಗ) ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಒತ್ತಡ ಇನ್‌ಟೇಕ್ ಕಡೆಯದಕ್ಕಿಂತ ಹೆಚ್ಚಿರುತ್ತದೆ. ಆ ಹೊತ್ತಿನಲ್ಲಿ ಎರಡೂ ಕಡೆಯ ವಾಲ್ವ್‌ಗಳು ಒಟ್ಟಿಗೆ ತೆರೆದಿದ್ದರೆ ಸುಟ್ಟ ಅನಿಲ ವಾಪಸ್ ಸಿಲಿಂಡರಿಗೂ ಇನ್‌ಟೇಕಿಗೂ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಡಿಮೆಯಾಗುತ್ತದೆ, ಮಿಶ್ರಣ ಬಿಸಿಯಾಗಿ ನಾಕಿಂಗ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಶುರುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ವರವಾಗುವ ಈ ಓವರ್‌ಲ್ಯಾಪ್ (ಎರಡೂ ಕಡೆಯ ವಾಲ್ವ್ ಒಟ್ಟಿಗೆ ತೆರೆದಿರುವ ಅವಧಿ) ಇಲ್ಲಿ ಶಾಪವಾಗುವುದು ಹೀಗೆ.

ಓವರ್‌ಲ್ಯಾಪ್ ಲೆಕ್ಕ ಕೈಯಲ್ಲೇ ಹಾಕಬಹುದು: ಎರಡೂ ಕ್ಯಾಮ್‌ಗಳ ಡ್ಯುರೇಶನ್‌ನ ಸರಾಸರಿಯಿಂದ ಎರಡು ಲೋಬ್ ಸೆಂಟರ್‌ಗಳ (ವಾಲ್ವ್ ಒತ್ತುವ ಕ್ಯಾಮ್‌ನ ಉಬ್ಬು, ಅಂದರೆ ಲೋಬ್‌ನ ತುದಿ ಟಿಡಿಸಿಯಿಂದ, ಅಂದರೆ ಪಿಸ್ಟನ್ ತೀರಾ ಮೇಲಿರುವ ಸ್ಥಾನದಿಂದ, ಎಷ್ಟು ಡಿಗ್ರಿ ದೂರ ಎಂಬುದು) ಮೊತ್ತ ಕಳೆಯಿರಿ. ಮೂಲ ಕ್ಯಾಮ್ ಸುಮಾರು 240 ಡಿಗ್ರಿಯದು. ಸೆಂಟರ್ ಎರಡೂ ಕಡೆ 115 ಅಂದುಕೊಂಡರೆ ಓವರ್‌ಲ್ಯಾಪ್ 10 ಡಿಗ್ರಿ. ಅದೇ ಸೆಂಟರ್‌ನಲ್ಲಿ 256ರ ಕ್ಯಾಮ್ ಹಾಕಿದರೆ 26. ಇನ್ನು 110ರ ಸೆಂಟರ್‌ನ 272 ಹಾಕಿದರೆ ನೇರ 52! ಐಡಲ್ ಕುಣಿಯುತ್ತದೆ, 4,000 ಆರ್‌ಪಿಎಂ ಒಳಗಿನ ಎಳೆತ ಸತ್ತುಹೋಗುತ್ತದೆ, ಮೇಲೆ ಸಿಗಬೇಕಾದ ಲಾಭವನ್ನು ಟರ್ಬೈನ್ ಉಸಿರುಗಟ್ಟಿಸಿ ಕಿತ್ತುಕೊಳ್ಳುತ್ತದೆ. ಡ್ಯುರೇಶನ್ ಹೋಲಿಸುವಾಗ ಅಳತೆಯ ಪದ್ಧತಿ ಒಂದೇ ಇರಲಿ. ವಾಲ್ವ್ ಆಗತಾನೇ ಎದ್ದಲ್ಲಿಂದ ಅಳೆದ 256ಕ್ಕೂ 1 ಮಿಮೀ ಎದ್ದ ಮೇಲೆ ಅಳೆದ 256ಕ್ಕೂ ಅಜಗಜಾಂತರ.

ನಿಮ್ಮ ಎಸ್14ರಲ್ಲಿ ಇನ್ನೊಂದು ವಿಷಯವಿದೆ. ಇನ್‌ಟೇಕ್ ಕ್ಯಾಮ್‌ನ ತುದಿಯಲ್ಲಿ ವಿಟಿಸಿ (ವಾಲ್ವ್ ತೆರೆಯುವ ಸಮಯ ಬದಲಿಸುವ ಸಾಧನ) ಇದೆ; ಅದು ಮಧ್ಯಮ ವೇಗದಲ್ಲಿ ಎಣ್ಣೆಯ ಒತ್ತಡದಿಂದ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತದೆ, ಓವರ್‌ಲ್ಯಾಪ್ ಅಷ್ಟೂ ಹೆಚ್ಚುತ್ತದೆ. ಹಾಗಾಗಿ ವಿಟಿಸಿಗೆಂದೇ ಮಾಡಿದ ಇನ್‌ಟೇಕ್ ಕ್ಯಾಮ್ ಬೇಕು, ಹಿಂದಿನ ಮಾದರಿ ಎಸ್13ರದು ಕೂರುವುದಿಲ್ಲ. ಹೊಂದಿಸಬಹುದಾದ ಗೇರ್ ಎಕ್ಸಾಸ್ಟ್ ಕಡೆ ಮಾತ್ರ ಹಾಕಿಸಿ. ಅದನ್ನು 2ರಿಂದ 4 ಡಿಗ್ರಿ ಮುಂದಕ್ಕೆ ತಂದರೆ ಓವರ್‌ಲ್ಯಾಪ್ ತಗ್ಗುತ್ತದೆ.

ಎಸ್‌ಆರ್ ಹೆಡ್ಡಿನ ನಿಜವಾದ ಬಲಹೀನತೆ ರಾಕರ್ ಆರ್ಮ್ (ಲೋಬ್‌ನ ಒತ್ತಡವನ್ನು ವಾಲ್ವ್‌ಗೆ ದಾಟಿಸುವ ಸನ್ನೆ). ಒಂದು ಲೋಬ್, ಕವಲೊಡೆದ ಒಂದು ರಾಕರ್, ಅದರಡಿ ಎರಡು ವಾಲ್ವ್. ಒಂದು ವಾಲ್ವ್ ಮೇಲೆ ಗೈಡ್, ಇನ್ನೊಂದರ ಮೇಲೆ ಅಳತೆಗೆ ತಕ್ಕ ಶಿಮ್ (ತೆಳು ಲೋಹದ ಬಿಲ್ಲೆ). ಶಿಮ್ ದಪ್ಪ ತಪ್ಪಿದರೆ ರಾಕರ್ ಓರೆಯಾಗಿ ಕೂರುತ್ತದೆ. ರೆವ್ ಲಿಮಿಟರ್‌ಗೆ ಬಡಿದಾಗ, ಗೇರ್ ತಪ್ಪಿದಾಗ ಅದು ಜಾಗ ಬಿಟ್ಟು ಹಾರುತ್ತದೆ, ಆ ಸಿಲಿಂಡರ್ ಮಿಸ್ ಹೊಡೆಯಲು ಶುರು. ರಾಕರ್ ಆರ್ಮ್ ಸ್ಟಾಪರ್ ಹಾಕಿದರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೈಡ್ರಾಲಿಕ್ ಅಡ್ಜಸ್ಟರ್ (ಎಣ್ಣೆಯ ಒತ್ತಡದಿಂದ ವಾಲ್ವ್ ಸಂದನ್ನು ತಾನೇ ಸರಿಮಾಡುವ ಭಾಗ) ಇರುವವರೆಗೆ ಲಿಮಿಟರ್ 7,500 ದಾಟಿಸಬೇಡಿ.

ಬಳಸಿದ ಕ್ಯಾಮ್ ಕೊಳ್ಳಬಾರದೆಂದು ಇನ್ನೊಂದು ಕಾರಣಕ್ಕೂ ಹೇಳುತ್ತೇವೆ. ಇಲ್ಲಿ ರೋಲರ್ ಇಲ್ಲ, ರಾಕರ್ ಲೋಬ್‌ಗೆ ಉಜ್ಜಿಕೊಂಡೇ ಓಡುತ್ತದೆ. ಬೇರೆ ಎಂಜಿನ್ನಿನಲ್ಲಿ ಸವೆದ ಲೋಬ್ ನಿಮ್ಮ ರಾಕರ್‌ಗೆ ಹೊಂದುವುದಿಲ್ಲ. ತೆಗೆದುಕೊಳ್ಳಲೇಬೇಕಿದ್ದರೆ ಪ್ರತಿ ಕ್ಯಾಮ್‌ನ ನಾಲ್ಕೂ ಲೋಬ್‌ಗಳ ಎತ್ತರವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಒಂದಕ್ಕೊಂದು 0.05 ಮಿಮೀಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ತುದಿಯಲ್ಲಿ ಉಗುರಿಗೆ ಸಿಗುವ ಗೆರೆ ಇದ್ದರೆ ಬಿಟ್ಟುಬಿಡಿ.

ಜೋಡಿಸುವಾಗ: ಒಂದನೇ ಸಿಲಿಂಡರ್ ಟಿಡಿಸಿಗೆ ತಂದು, ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಮೇಲೆ ಪೇಂಟ್ ಗುರುತು ಹಾಕಿ. ಚೈನ್ ಬಿಗಿಹಿಡಿಯುವ ಟೆನ್ಷನರ್ ಬಿಚ್ಚಿದ ಮೇಲೆ ಕ್ರ್ಯಾಂಕ್ ಮುಟ್ಟಬೇಡಿ. ಈ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗುತ್ತದೆ. ಹೊರಬಂದ ಅಡ್ಜಸ್ಟರ್‌ಗಳನ್ನು ಮಲಗಿಸಿ ಇಟ್ಟರೆ ಗಾಳಿ ಸೇರುತ್ತದೆ, ನೆಟ್ಟಗೆ ನಿಲ್ಲಿಸಿ ಹೊಸ ಎಣ್ಣೆಯಲ್ಲಿ ಮುಳುಗಿಸಿಡಿ. ಕ್ಯಾಮ್‌ಗಳ ಮೇಲೆ ಹಾಯುವ ತೆಳು ಎಣ್ಣೆ ಕೊಳವೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳಿವೆ. ಒಂದೊಂದರಿಂದಲೂ ಗಾಳಿ ಬರುತ್ತದೆಯೇ ಎಂದು ಊದಿ ನೋಡಿ. ಒಂದು ಮುಚ್ಚಿದ್ದರೂ ಆ ಲೋಬ್ ಒಣಗಿ ಸವೆಯುತ್ತದೆ. ಕ್ಯಾಪ್ ಬೋಲ್ಟ್‌ಗಳನ್ನು ಹಂತಹಂತವಾಗಿ 9ರಿಂದ 11.8 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಸ್ಪ್ರಾಕೆಟ್ ಬೋಲ್ಟ್‌ಗೆ 137ರಿಂದ 157. ಆಗ ಚೈನ್ ಮೇಲೆ ಭಾರ ಬಿಡದೆ ಕ್ಯಾಮನ್ನು ಸ್ಪ್ಯಾನರ್‌ನಲ್ಲಿ ಹಿಡಿದಿರಬೇಕು. ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡದೆ ಸ್ಟಾರ್ಟ್ ಮಾಡಬೇಡಿ.

ಲಿಫ್ಟ್ (ವಾಲ್ವ್ ಏಳುವ ಎತ್ತರ) ಮೂಲದ 9.2 ಮಿಮೀಯಿಂದ 11.5ರ ಆಸುಪಾಸಿಗೆ ಏರಿದರೆ ಸ್ಪ್ರಿಂಗ್ ಪೂರ್ತಿ ಅಮುಕಿದಾಗಲೂ ಸುರುಳಿಗಳ ನಡುವೆ ಒಟ್ಟು 1 ಮಿಮೀ ಉಳಿಯಬೇಕು. ಪಿಸ್ಟನ್ ಮತ್ತು ವಾಲ್ವ್ ನಡುವೆ ಇನ್‌ಟೇಕ್‌ನಲ್ಲಿ 2, ಎಕ್ಸಾಸ್ಟ್‌ನಲ್ಲಿ 2.5 ಮಿಮೀ ಇರಲಿ. ಇನ್‌ಟೇಕ್ ಅಳತೆಯನ್ನು ವಿಟಿಸಿ ಮುಂದಕ್ಕೆ ತಿರುಗಿದ ಸ್ಥಿತಿಯಲ್ಲೇ ತೆಗೆಯಬೇಕು. ಇದನ್ನು ಮರೆಯುವವರೇ ಹೆಚ್ಚು.

ಮೊದಲ ಸ್ಟಾರ್ಟ್‌ಗೆ ಲೋಬ್‌ಗಳಿಗೆ ಅಸೆಂಬ್ಲಿ ಲ್ಯೂಬ್ ಸವರಿ, ಎಂಜಿನ್ ಹತ್ತಿದೊಡನೆ 20 ನಿಮಿಷ 2,000 ಆರ್‌ಪಿಎಂ ಸುತ್ತಮುತ್ತ ಓಡಿಸಿ. ಆಮೇಲೆ ಎಣ್ಣೆ, ಫಿಲ್ಟರ್ ಬದಲಿಸಿ. ಇಸಿಯು ಮ್ಯಾಪಿಂಗ್ (ಎಂಜಿನ್ ಕಂಪ್ಯೂಟರನ್ನು ಹೊಸ ಕ್ಯಾಮ್‌ಗೆ ಹೊಂದಿಸುವುದು) ಆಗದೆ ಬೂಸ್ಟ್ ಏರಿಸಬೇಡಿ. ಮೂಲ 370 ಸಿಸಿ ಇಂಜೆಕ್ಟರ್‌ಗಳಿಗೆ ಹೆಚ್ಚು ಬಿಡುವಿಲ್ಲ. ಹೊಸ ಕ್ಯಾಮ್‌ನಿಂದ ಎಂಜಿನ್ ಹೆಚ್ಚು ಗಾಳಿ ನುಂಗುವುದರಿಂದ ಗೇಜಿನಲ್ಲಿ ಬೂಸ್ಟ್ ತುಸು ಇಳಿದದ್ದು ಕಂಡರೆ ಗಾಬರಿ ಬೇಡ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆ ತಿಳಿಸಿ.

ಪ್ರಶ್ನೆ: ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ ಇದೆ. ಕ್ಯಾಮ್ ಬದಲಿಸಿದರೆ ಎಳೆತ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗಾಡಿಯ ಜೊತೆ ಬಂದ ಆ ಚಿಕ್ಕ ಕೆ03 ಟರ್ಬೊ ಇರುವವರೆಗೆ ಇಲ್ಲ. ಮೇಲಿನ ವೇಗದಲ್ಲಿ ಉಸಿರು ಕಟ್ಟುವುದು ಟರ್ಬೊಗೇ. ಆ ದುಡ್ಡಿನಲ್ಲಿ ಕ್ಯಾಮ್‌ಗಳ ನಡುವಿನ ಚೈನ್ ಟೆನ್ಷನರ್, ಟೈಮಿಂಗ್ ಬೆಲ್ಟ್, ವಾಟರ್ ಪಂಪ್ ಸರಿಮಾಡಿಸಿ. ಮರುಜೋಡಣೆಯಲ್ಲಿ ಎರಡು ಕ್ಯಾಮ್‌ಗಳ ಗುರುತಿನ ನಡುವೆ ಚೈನಿನ 16 ರೋಲರ್ ಬರಬೇಕು. ಒಂದು ಹಲ್ಲು ತಪ್ಪಿದರೂ ಎಳೆತ ಕುಸಿಯುತ್ತದೆ, ಬೈಗುಳ ಮಾತ್ರ ಟರ್ಬೊಗೆ ಬೀಳುತ್ತದೆ. ವಾಹನದ ಮೂಲ ಸ್ವರೂಪ ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕಿದೆ ಎಂಬುದೂ ನೆನಪಿರಲಿ.