ಮಾರಾಟವಾಗದ ಪುಸ್ತಕ, ಕುಗ್ಗಿದ ಮನಸ್ಸು: ಒಬ್ಬ ಉದ್ಯಮಿಯ ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅವರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಬೆಂಗಳೂರಿನ ಹೊರವಲಯದಲ್ಲಿ ಮನೆಗಳಿಗೆ ಮಳೆನೀರು ಕೊಯ್ಲು ಮತ್ತು ಕೊಳವೆಬಾವಿ ಮರುಪೂರಣದ ಕೆಲಸ ಮಾಡಿಕೊಡುವ, ನಲವತ್ತರ ಆಸುಪಾಸಿನ ಉದ್ಯಮಿ ಅವರು. ಪತ್ನಿಯ ಒತ್ತಾಯಕ್ಕೆ ನನ್ನ ಬಳಿ ಬಂದಿದ್ದರು. ರಾತ್ರಿ ನಿದ್ರೆಯಿಲ್ಲ, ಗಿರಾಕಿಗಳ ಫೋನ್ ಎತ್ತುವುದಿಲ್ಲ, ನೆಂಟರಿಷ್ಟರ ಮನೆಯ ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಪತ್ನಿ ಹೇಳಿದರು. ಇದಕ್ಕೆಲ್ಲ ಕಾರಣ ಒಂದು ಪುಸ್ತಕವಾಗಿತ್ತು.

ಪುಸ್ತಕ ಬರೆದವರಿಗೆ ತಜ್ಞರೆಂಬ ಮನ್ನಣೆ ಸಿಗುತ್ತದೆ, ಮನ್ನಣೆಯ ಹಿಂದೆ ವ್ಯಾಪಾರ ಬರುತ್ತದೆ ಎಂಬ ಮಾತನ್ನು ಉದ್ಯಮಿಗಳ ತರಬೇತಿಯೊಂದರಲ್ಲಿ ಕೇಳಿದ ಅವರು, ಅಕ್ಷರ ಜೋಡಣೆಯಿಂದ ಬಿಡುಗಡೆ ಸಮಾರಂಭದವರೆಗೆ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಮಾಡಿಕೊಡುವ ಸಂಸ್ಥೆಯೊಂದಕ್ಕೆ ಪತ್ನಿಯ ಬಳೆಗಳನ್ನು ಅಡವಿಟ್ಟು ಹಣ ಕಟ್ಟಿದ್ದರು. 1,000 ಪ್ರತಿ ಅಚ್ಚಾಯಿತು. ಸಮಾರಂಭದಲ್ಲಿ ಬಂಧುಮಿತ್ರರು ಕೊಂಡ ಒಂದಷ್ಟು ಪ್ರತಿಗಳನ್ನು ಬಿಟ್ಟರೆ ಉಳಿದವೆಲ್ಲ ಮನೆಯ ಹಜಾರದಲ್ಲಿ ಪೆಟ್ಟಿಗೆಗಳಲ್ಲೇ ಉಳಿದವು. "ಪುಸ್ತಕ ಅಂದ್ರೆ ಸರಸ್ವತಿ ಅಂತ ಮಕ್ಕಳನ್ನ ಆ ಪೆಟ್ಟಿಗೆ ಮೇಲೆ ಕೂರೋಕೂ ಬಿಡಲ್ಲ ಮೇಡಂ. ಗುಜರಿಗೆ ಹಾಕೋಣ ಅಂದ್ರೆ ಇವರು ಊಟ ಬಿಟ್ಟು ಕೂತ್ಕೋತಾರೆ" ಎಂದರು ಪತ್ನಿ. ಆ ಮಾತಿನಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ಮೊದಲಿಗೆ ಅವರ ನಿದ್ರೆ, ಹಸಿವು, ಜೀವದ ಬಗೆಗಿನ ಯೋಚನೆಗಳನ್ನು ವಿವರವಾಗಿ ವಿಚಾರಿಸಿದೆ. ತಮಗೆ ತಾವೇ ಅಪಾಯ ಮಾಡಿಕೊಳ್ಳುವ ಆಲೋಚನೆ ಇರಲಿಲ್ಲ. ಆದರೂ ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಇಬ್ಬರೆದುರೂ ಸ್ಪಷ್ಟವಾಗಿ ಹೇಳಿದೆ. ಬಳಿಕ ಮಾತು ಪುಸ್ತಕದತ್ತ ತಿರುಗಿತು. ಜನ ಪುಸ್ತಕ ಕೊಳ್ಳಲಿಲ್ಲ ಎಂಬುದನ್ನು ಅವರು ಜನ ತನ್ನನ್ನೇ ಒಪ್ಪಲಿಲ್ಲ ಎಂದು ತೆಗೆದುಕೊಂಡಿದ್ದರು. ಹದಿನೈದು ವರ್ಷ ದುಡಿದು ಗಳಿಸಿದ ಕೈಗುಣವೂ ಆ ಪೆಟ್ಟಿಗೆಗಳ ಜೊತೆಗೇ ಬೆಲೆ ಕಳೆದುಕೊಂಡಂತೆ ಅವರಿಗೆ ತೋರುತ್ತಿತ್ತು.

ಪುಸ್ತಕದ ಮಾರಾಟದಿಂದ ಜೀವನ ನಡೆಸಬೇಕೆಂದು ನೀವು ಬರೆದಿರಾ ಎಂದು ಕೇಳಿದೆ. ಇಲ್ಲ, ಕೆಲಸ ಸಿಗಲಿ ಎಂದು ಬರೆದೆ ಎಂದರು. ಹಾಗಾದರೆ ಪುಸ್ತಕದಿಂದ ಎಷ್ಟು ಕೆಲಸ ಸಿಕ್ಕಿತು ಎಂದರೆ, ಅದರ ಲೆಕ್ಕವನ್ನೇ ಅವರು ಇಟ್ಟಿರಲಿಲ್ಲ. ಮುಂದಿನ ಭೇಟಿಗೆ ಪುಸ್ತಕವನ್ನೂ ವಿಚಾರಣೆಗೆ ಬಂದವರ ಹೆಸರು ಬರೆದಿಡುವ ವಹಿಯನ್ನೂ ತರಲು ಹೇಳಿದೆ.

ಸುಮಾರು 180 ಪುಟಗಳ ಆ ಪುಸ್ತಕದ ಮೊದಲ ಮೂರನೇ ಒಂದು ಭಾಗ ಅವರ ಬಾಲ್ಯ ಮತ್ತು ಪಟ್ಟ ಕಷ್ಟಗಳ ಕಥೆಯಾಗಿತ್ತು. ನಂತರದ್ದು ಬಹುಪಾಲು ತಮ್ಮ ಉದ್ಯಮದ ಗುಣಗಾನ. ಪ್ರತಿ ಪುಟದ ಅಡಿಯಲ್ಲೂ ಫೋನ್ ನಂಬರ್ ಇತ್ತು. ಆದರೆ ಕೊನೆಯ ಭಾಗದಲ್ಲಿ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವುದು ಹೇಗೆ, ಫಿಲ್ಟರಿನ ಜಲ್ಲಿ ಮತ್ತು ಮರಳನ್ನು ಯಾವಾಗ ತೊಳೆಯಬೇಕು, ತಾರಸಿಯ ಮೇಲೆ ಏನನ್ನು ಇಡಬಾರದು ಎಂದು ವಿವರಿಸುವ ಪುಟ್ಟ ಅಧ್ಯಾಯವೊಂದಿತ್ತು. ವಹಿಯಲ್ಲಿದ್ದ ಕೆಲವರಿಗೆ ಅವರೇ ನನ್ನೆದುರು ಫೋನ್ ಮಾಡಿದರು. ಉಚಿತವಾಗಿ ಪುಸ್ತಕ ಪಡೆದು, ಆಮೇಲೆ ಕೆಲಸ ಕೊಟ್ಟ ಮೂವರೂ ಆ ಅಧ್ಯಾಯವನ್ನೇ ಹೆಸರಿಸಿದರು. ಬಾಲ್ಯದ ಕಥೆಯನ್ನು ಅವರಲ್ಲಿ ಯಾರೂ ಓದಿರಲಿಲ್ಲ. ಇದನ್ನು ಕೇಳಿ ಅವರಿಗೆ ನೋವಾಯಿತು, ನಿಜ. ಆದರೆ ತಮ್ಮ ಕೈಯಲ್ಲಿದ್ದ ತಿಳಿವಳಿಕೆಯನ್ನು ಯಾರೂ ತಿರಸ್ಕರಿಸಿಲ್ಲ ಎಂಬುದು ಬೇರೆಯವರ ಬಾಯಿಂದಲೇ ಅವರಿಗೆ ಗೊತ್ತಾಯಿತು. ನಾನು ಎಷ್ಟು ಸಮಾಧಾನ ಹೇಳಿದ್ದರೂ ಅದು ಅವರನ್ನು ಅಷ್ಟು ತಾಕುತ್ತಿರಲಿಲ್ಲ.

ವ್ಯಾಪಾರ ಬೆಳೆಸಲು ಬರೆಯುವ ಪುಸ್ತಕ ಬರೆದವರ ಬಗ್ಗೆ ಇರಬಾರದು, ಗಿರಾಕಿಯ ಪ್ರಶ್ನೆಯ ಬಗ್ಗೆ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2009ರಲ್ಲಿ ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾದ ಮೇಲೆ ಜನ ಕೇಳುವುದು ನನ್ನ ತಾರಸಿಗೆ ಎಷ್ಟು ನೀರು ಬೀಳುತ್ತದೆ, ಎಷ್ಟು ದೊಡ್ಡ ಸಂಪು ಬೇಕು ಎಂದೇ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಒಂದು ಅಂಗುಲ ಮಳೆ ಸುರಿದರೆ ಸುಮಾರು 2,300 ಲೀಟರ್ ನೀರು ಬೀಳುತ್ತದೆ, ಅದರಲ್ಲಿ ಐದನೇ ಒಂದು ಭಾಗ ಸೋರಿಕೆ, ಆವಿ, ಕೊಳೆ ನೀರಿಗೆ ಹೋಯಿತೆಂದರೂ ಉಳಿದದ್ದು ಸಂಪಿಗೆ ಸೇರುತ್ತದೆ ಎಂದು ಅವರು ನನಗೆ ಒಂದೇ ಉಸಿರಿನಲ್ಲಿ ವಿವರಿಸಿದರು. ಈ ಲೆಕ್ಕ ಪುಸ್ತಕದಲ್ಲಿ ಎಲ್ಲಿದೆ ಎಂದು ಕೇಳಿದೆ. ಎಲ್ಲೂ ಇರಲಿಲ್ಲ.

ಹೊಸದಾಗಿ ಬರೆಯುವುದಾದರೆ ಈ ಲೆಕ್ಕವೇ ಮೊದಲ ಪುಟದಲ್ಲಿರಲಿ ಎಂದೆ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕೇಳುವ ಪ್ರಶ್ನೆಗಳನ್ನು ಗುಡ್ಡೆ ಹಾಕಿ, ಒಂದೊಂದಕ್ಕೂ ಎದುರಿಗೆ ಕೂತವರಿಗೆ ಹೇಳುವಂತೆ ಉತ್ತರ ಬರೆದರೆ ಹದಿನಾರು ಪುಟಗಳ ನಾಲ್ಕು ಫಾರಂ, ಎಂದರೆ 64 ಪುಟ, ಧಾರಾಳವಾಗಿ ಸಾಕು. ಕರಡನ್ನು ಈ ಕಸುಬು ತಿಳಿಯದ ಒಬ್ಬರಾದರೂ ಓದಬೇಕು. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಯುನಿಕೋಡ್‌ಗೆ ಪರಿವರ್ತಿಸುವುದಾದರೆ ಅರ್ಕಾವತ್ತು, ಒತ್ತಕ್ಷರಗಳು ಕೆಡುವ ಸಂಭವ ಇರುವುದರಿಂದ ಕರಡು ತಿದ್ದುವವರಿಗೆ ಹಣ ಕೊಡಲು ಹಿಂಜರಿಯಬಾರದು. ಮೊದಲು ಡಿಜಿಟಲ್ ಮುದ್ರಣದಲ್ಲಿ 100 ಪ್ರತಿ ಮಾತ್ರ ಹಾಕಿಸಬೇಕು. ಪ್ರತಿಯೊಂದರ ದರ ಹೆಚ್ಚೆನಿಸಿದರೂ ಸಾಲ ಹುಟ್ಟುವುದಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ಅವರಿಗೆ ತಿಳಿಯದ ಸಂಗತಿಗಳು ಬಹಳ ಇದ್ದವು. ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಅವರಿಂದ ಪ್ರತ್ಯೇಕವಾಗಿ ಹಣ ಪಡೆಯಲಾಗಿತ್ತು. ಆದರೆ ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ತಾವೇ ಪ್ರಕಾಶಕರಾದ ಮೇಲೆ, ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ ಕುರಿತ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ನಿಗದಿಪಡಿಸಿದ ಇತರ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸುವ ಹೊಣೆಯೂ ಅವರದೇ. ಹಳೆಯ ಪುಸ್ತಕದ ಹಕ್ಕು ಕೈಬಿಟ್ಟಿತೆಂದು ಅವರು ಹೆದರಿದ್ದರು. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಿರಬೇಕೆಂದೂ ಅವಧಿ ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ ಸೀಮಿತವೆಂದೂ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. ಒಪ್ಪಂದವನ್ನು ವಕೀಲರಿಗೆ ತೋರಿಸಲು, ಅಂತಿಮ ಪಿಡಿಎಫ್ ಮತ್ತು ಮುಖಪುಟದ ಫೈಲನ್ನು ಪುಸ್ತಕ ಮಾಡಿಕೊಟ್ಟ ಸಂಸ್ಥೆಗೆ ಪತ್ರ ಬರೆದು ಕೇಳಲು ಸೂಚಿಸಿದೆ. ಅಂಚೆ ಇಲಾಖೆ 2025ರ ಮೇ 1ರಿಂದ ಆರಂಭಿಸಿದ ಜ್ಞಾನ ಪೋಸ್ಟ್‌ನಲ್ಲಿ ಪುಸ್ತಕಗಳನ್ನು ಕಡಿಮೆ ದರಕ್ಕೆ ಕಳಿಸಬಹುದಾದರೂ ಜಾಹೀರಾತು ತುಂಬಿದ ಪ್ರಕಟಣೆಗಳಿಗೆ ಆ ರಿಯಾಯಿತಿ ಇಲ್ಲ. ಪುಟಪುಟಕ್ಕೂ ಫೋನ್ ನಂಬರ್ ಹಾಕುವುದನ್ನು ಬಿಡಲು ಇದೂ ಒಂದು ಕಾರಣ.

ಮನೆಯೊಳಗಿನ ಮಾತುಕತೆಗೂ ಒಂದು ಏರ್ಪಾಡು ಬೇಕಿತ್ತು. ಬಳೆಗಳನ್ನು ಬಿಡಿಸಿಕೊಳ್ಳುವ ತನಕ ಪುಸ್ತಕಕ್ಕೆ ಹೊಸ ಸಾಲ ಮಾಡಕೂಡದು, ಖರ್ಚಿನ ನಿರ್ಧಾರ ಇಬ್ಬರದೂ ಆಗಿರಬೇಕು ಎಂದು ಅವರಿಬ್ಬರೂ ನನ್ನೆದುರೇ ಬರೆದುಕೊಂಡರು. ಹಳೆಯ ಪ್ರತಿಗಳನ್ನು ಗುಜರಿಗೆ ಹಾಕುವ ಬದಲು, ಆ ಉಪಯುಕ್ತ ಅಧ್ಯಾಯದ ಪುಟಕ್ಕೆ ಗುರುತಿನ ಚೀಟಿ ಇಟ್ಟು, ಕೆಲಸ ನೋಡಲು ಹೋದ ಮನೆಗಳಲ್ಲಿ ಕೊಡುತ್ತ ಬರಲು ಹೇಳಿದೆ. ವಹಿಯಲ್ಲಿ "ನಮ್ಮ ಬಗ್ಗೆ ಹೇಗೆ ತಿಳಿಯಿತು" ಎಂಬ ಒಂದು ಅಂಕಣ ಸೇರಿತು.

ಈಗ ಅವರ ನಿದ್ರೆ ಬಹುಮಟ್ಟಿಗೆ ಸುಧಾರಿಸಿದೆ, ಫೋನ್ ಎತ್ತುತ್ತಿದ್ದಾರೆ. ಸಾಲ ಇನ್ನೂ ತೀರಿಲ್ಲ. ಹೊಸ ಪುಸ್ತಕದ ಕರಡನ್ನು ಪತ್ನಿಯೇ ಮೊದಲು ಓದಿ, ಸಂಪಿನ ಅಳತೆಯ ಭಾಗ ತನಗೇ ಅರ್ಥವಾಗಲಿಲ್ಲವೆಂದು ಹಿಂದಿರುಗಿಸಿದ್ದಾರೆ. ಅದನ್ನು ತಿದ್ದಿ ಅವರಿಂದ ಹೂಂ ಎನಿಸಿಕೊಂಡ ಮೇಲೆಯೇ ಮುದ್ರಣಕ್ಕೆ ಕೊಡಿ ಎಂದು ಹೇಳಿದ್ದೇನೆ.