ಹಣ ಕೊಟ್ಟು ಕೊಂಡ ತಂತ್ರಾಂಶ ತೆರೆಯದಿದ್ದರೆ

ಪ್ರಶ್ನೆ: ಗದಗಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಹೊಸದನ್ನು ಹಾಕಿಸಿದೆ. ಅಂದಿನಿಂದ, ರಸೀದಿ ಪಡೆದೇ ಕೊಂಡಿದ್ದ ಪುಟವಿನ್ಯಾಸದ ತಂತ್ರಾಂಶ 'ಪರವಾನಗಿ ಅಮಾನ್ಯ' ಎಂದು ತೋರಿಸಿ ಮುಚ್ಚಿಕೊಳ್ಳುತ್ತಿದೆ. ಲಗ್ನಪತ್ರಿಕೆಗಳ ಕೆಲಸ ನಿಂತಿದೆ. ಪರಿಚಯದವರೊಬ್ಬರು ಕ್ರ್ಯಾಕ್ (ಪರವಾನಗಿಯ ತಪಾಸಣೆಯನ್ನು ಮುರಿಯುವ ಕಳ್ಳ ತಂತ್ರಾಂಶ) ಹಾಕಿಕೊಡುತ್ತೇನೆ ಎನ್ನುತ್ತಾರೆ. ಹಾಕಿಸಲೇ?

ಉತ್ತರ: ಬೇಡ. ನಿಮ್ಮದೇನೂ ತಪ್ಪಿಲ್ಲ, ತಪ್ಪಿರುವುದು ಬೀಗದಲ್ಲಿ. ಇಂಥ ತಂತ್ರಾಂಶವು ಮೊದಲ ಸಲ ಸಕ್ರಿಯಗೊಳ್ಳುವಾಗ ಮದರ್‌ಬೋರ್ಡ್, ಹಾರ್ಡ್ ಡಿಸ್ಕ್ ಮುಂತಾದವುಗಳ ಗುರುತುಗಳನ್ನು ಕೂಡಿಸಿ ನಿಮ್ಮ ಪರವಾನಗಿ ಕೀಯೊಂದಿಗೆ ಕಂಪನಿಯ ಸರ್ವರಿನಲ್ಲಿ ಜೋಡಿಸಿಡುತ್ತದೆ. ಮದರ್‌ಬೋರ್ಡ್ ಬದಲಾದರೆ ಆ ಗುರುತು ತಾಳೆಯಾಗುವುದಿಲ್ಲವಾದ್ದರಿಂದ, ಒಂದೇ ಕೀಯನ್ನು ಹತ್ತು ಕಡೆ ಹಾಕಿದವನಿಗೂ ಸಿಡಿಲಿಗೆ ಯಂತ್ರ ಕಳೆದುಕೊಂಡ ನಿಮಗೂ ಅದು ಭೇದವೆಣಿಸುವುದಿಲ್ಲ. ಗಿರಾಕಿಯ ಗಣಕದಲ್ಲಿ ಏನೂ ಬದಲಾಗದಿದ್ದರೂ ಹೀಗಾದದ್ದುಂಟು. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಪರಿಶೀಲನಾ ಸರ್ವರುಗಳಿಗೆ ಸಿದ್ಧವಾಗದ ಕೋಡ್ ತಪ್ಪಿ ಸೇರಿ, ಸುಮಾರು 19 ಗಂಟೆಗಳ ಕಾಲ ಅಸಲಿ ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ತಾ ಬಳಕೆದಾರರು ನಕಲಿಯವರೆನಿಸಿಕೊಂಡರು.

ರಸೀದಿಯ ಪ್ರತಿ, ಕೀ ಮತ್ತು ಪರದೆಯ ಚಿತ್ರವನ್ನು ಸೇರಿಸಿ, ಹಳೆಯ ಯಂತ್ರದ ನೋಂದಣಿ ರದ್ದುಪಡಿಸಿ ಹೊಸದಕ್ಕೆ ಅವಕಾಶ ಕೊಡಿ ಎಂದು ಕಂಪನಿಗೆ ಇಮೇಲ್ ಬರೆಯಿರಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಕ್ರ್ಯಾಕ್ ಜೊತೆಗೆ ಬರುವ ಸೂಚನೆಯಲ್ಲಿ ಸಾಮಾನ್ಯವಾಗಿ ಮೊದಲ ಸಾಲೇ 'ಆ್ಯಂಟಿವೈರಸ್ ಬಂದ್ ಮಾಡಿ' ಎಂದಿರುತ್ತದೆ. ಗಿರಾಕಿಗಳ ಆಧಾರ್ ಪ್ರತಿ, ಫೋಟೊಗಳಿರುವ ಗಣಕವನ್ನು ಹಾಗೆ ತೆರೆದಿಡುವುದು ನಿಮ್ಮನ್ನು ನಂಬಿದವರಿಗೆ ಮಾಡುವ ಅನ್ಯಾಯ. ಕಾನೂನಿನ ತೊಡಕೂ ಇದೆ: ನಕಲಿ ಎಂದು ತಿಳಿದೂ ಗಣಕ ತಂತ್ರಾಂಶ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ.

ತುರ್ತು ಕೆಲಸಕ್ಕೆ ಇಂಕ್‌ಸ್ಕೇಪ್ ಅಥವಾ ಸ್ಕ್ರೈಬಸ್ ಬಳಸಬಹುದು. ಎರಡೂ ಉಚಿತ, ಯೂನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಕನ್ನಡವನ್ನು ಒತ್ತಕ್ಷರ ಸಮೇತ ಮೂಡಿಸುತ್ತವೆ. ಆದರೆ ಕನ್ನಡ ಡಿಟಿಪಿಯವರಿಗೆ ಇನ್ನೊಂದು ಬೀಗವಿದೆ, ನನಗೆ ಹೆಚ್ಚು ಚಿಂತೆಯಾಗುವುದು ಅದರದೇ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿದ ಹಳೆಯ ಆಸ್ಕಿ ಫಾಂಟುಗಳಲ್ಲಿ ಕೂಡಿಸಿದ ಪಠ್ಯವು ಒಳಗೆ ಕನ್ನಡವೇ ಅಲ್ಲ. ಆ ಫಾಂಟು ಇಲ್ಲದ ಗಣಕದಲ್ಲಿ 'ಶ್ರೀ' ಎಂದು ಕೂಡಿಸಿದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮುದ್ರಣ ಕಾಶಿ ಎನಿಸಿಕೊಂಡ ನಿಮ್ಮೂರಿನ ಅಂಗಡಿಗಳಲ್ಲಿ ವರ್ಷಗಟ್ಟಲೆಯ ಕೆಲಸ ಇದೇ ರೂಪದಲ್ಲಿರಬಹುದು. ತಂತ್ರಾಂಶ ಮತ್ತೆ ತೆರೆದ ದಿನವೇ ಮುಖ್ಯ ಪಠ್ಯಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ, ಮುಗಿದ ಪ್ರತಿ ಪುಟದ ಪಿಡಿಎಫ್ ಅನ್ನೂ ಬೇರೊಂದು ಡಿಸ್ಕಿನಲ್ಲಿ ಇರಿಸಿರಿ.